ಮಳೆಗಾಲದಲ್ಲಿ ನೇತ್ರಾಣಿಗೆ ಹೋಗೋಣ ಅನ್ನೋರಿಗೆ...

ಜೂನ್ ಮುಗಿಯುತ್ತಾ ಬಂತು ಅಂದ್ರೆ ಸಾಕು, ನಮ್ಮ ಆಫೀಸಿನಲ್ಲಿ ಕ್ಯಾಲೆಂಡರ್ ನೋಡೋ ರೋಗ ಶುರುವಾಗುತ್ತೆ. ಆಗಸ್ಟ್ 15 ಯಾವ ವಾರ ಬಂತು, ಹಬ್ಬ ಯಾವಾಗ, ಮಧ್ಯೆ ಒಂದು ದಿನ ರಜೆ ಹಾಕಿದ್ರೆ ಒಟ್ಟು ಎಷ್ಟು ದಿನ ಸಿಗುತ್ತೆ ಅನ್ನೋ ಲೆಕ್ಕಾಚಾರ. ಕೋಡ್ ಬರೆಯುವಾಗ ಇಷ್ಟು ಶ್ರದ್ಧೆ ತೋರಿಸಿದ್ರೆ ಅರ್ಧ ಬಗ್‌ಗಳು ಹುಟ್ಟುತ್ತಲೇ ಇರಲಿಲ್ಲ ಬಿಡಿ. 2025ರಲ್ಲಂತೂ ಆಗಸ್ಟ್ 15 ಶುಕ್ರವಾರ ಬಂದಿತ್ತು. ಕೇಳಬೇಕಾ! ಟೀಮಿನ ಏಳು ಜನ ಒಟ್ಟಿಗೆ ಸೇರಿ ಒಂದೇ ದನಿಯಲ್ಲಿ ಹೇಳಿದ್ದು: ನೇತ್ರಾಣಿ. ಸ್ಕೂಬಾ ಡೈವಿಂಗ್.

ಕರ್ನಾಟಕದವರು ಟೀಮಿನಲ್ಲಿ ನಾನೊಬ್ಬನೇ. ನಾನಿರೋದು ಹೈದರಾಬಾದಿನಲ್ಲಿ. ನಮ್ಮೂರು ಮೆಹಕರ, ಭಾಲ್ಕಿ ತಾಲೂಕು, ಬೀದರ್ ಜಿಲ್ಲೆ. ಇನ್ನೊಂದು ಸ್ವಲ್ಪ ನಡೆದರೆ ಮಹಾರಾಷ್ಟ್ರ. ಆದ್ರೆ ಕರ್ನಾಟಕದವನು ಅಂದಮೇಲೆ ಕರ್ನಾಟಕದ ಸಮುದ್ರವೂ ನನ್ನ ಹಿತ್ತಲು ಅಂತ ಇವರ ತಿಳುವಳಿಕೆ. "ನಿಮ್ಮ ಕಡೆದೇ ಅಲ್ವಾ, ನೀನೇ ಬುಕ್ ಮಾಡು" ಅಂದ್ರು. ಬೀದರಿನಿಂದ ಮುರುಡೇಶ್ವರಕ್ಕೆ ರಸ್ತೆಯಲ್ಲಿ 600 ಕಿಲೋಮೀಟರಿಗೂ ಹೆಚ್ಚು ಅಂತ ಇವರಿಗೆ ಯಾರು ಹೇಳೋದು? ಹೈದರಾಬಾದಿನಿಂದ ನಮ್ಮ ಜಿಲ್ಲೆ ಎರಡು-ಮೂರು ಗಂಟೆ ದಾರಿ, ನಮ್ಮ ರಾಜ್ಯದ ಸಮುದ್ರ ಒಂದು ರಾತ್ರಿ ದಾರಿ!

ಸರಿ, ಫೋನ್ ಮಾಡಿದೆ. ಪ್ರವಾಸ ಮಾಡಿಸುವ ಒಬ್ಬ ಏಜೆಂಟ್ ಸಿಕ್ಕ. ಹೆಸರು ಬೇಡ. ಆಗಸ್ಟ್ ಮಧ್ಯದಲ್ಲಿ ನೇತ್ರಾಣಿ ಡೈವಿಂಗ್ ಇರುತ್ತಾ ಅಂತ ಕೇಳಿದೆ. "ಇರುತ್ತೆ ಸರ್, ಆಫ್ ಸೀಸನ್ ಡಿಸ್ಕೌಂಟ್ ಕೂಡ ಇದೆ, ಅಡ್ವಾನ್ಸ್ ಹಾಕಿ, ಸೀ ಕಂಡೀಶನ್ ನೋಡಿ ಮಾಡಿಸ್ತೀವಿ" ಅಂದ. ಸೀ ಕಂಡೀಶನ್ ಸರಿ ಇಲ್ದಿದ್ರೆ? "ಅಡ್ವಾನ್ಸ್ ವಾಪಸ್ ಬರಲ್ಲ ಸರ್, ಬೇರೆ ಆಕ್ಟಿವಿಟಿ ಮಾಡಿಸ್ತೀವಿ."

ನಾನು ದುಡ್ಡು ಹಾಕಲಿಲ್ಲ. ಟೀಮಿನವರು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. "ನಿಂಗೆ ಮಳೆ ಅಂದ್ರೆ ಭಯ" ಅಂದ್ರು. ಬೀದರಿನವನಿಗೆ ಮಳೆ ಅಂದ್ರೆ ಭಯವಂತೆ! ಮಳೆ ಬರ್ಲಿ ಅಂತ ಆಕಾಶ ನೋಡ್ತಾ ಬೆಳೆದವರು ನಾವು. 2016ರ ಏಪ್ರಿಲ್‌ನಲ್ಲಿ ಪಕ್ಕದ ಲಾತೂರಿಗೆ ಮಿರಜ್‌ನಿಂದ ರೈಲಿನಲ್ಲಿ ಕುಡಿಯೋ ನೀರು ತಂದು ಸುರಿದಿದ್ದು ನೆನಪಿರಬೇಕು ನಿಮಗೆ. ಲಾತೂರಿನ ಬರವೂ ನಮ್ಮ ಬರವೂ ಒಂದೇ. ಎರಡೂ ಕಡೆ ಹರಿಯೋ ಮಾಂಜ್ರಾ ನದಿಯೂ ಒಂದೇ.

ಅವತ್ತು ಟೀಮಿನವರಿಗೆ ಊಟದ ಟೇಬಲ್ ಮೇಲೆ ಬಿಡಿಬಿಡಿಯಾಗಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ನೆಟ್ಟಗೆ ಬರೀತಿದ್ದೀನಿ. ನನ್ನ ವಾದ ಇಷ್ಟೇ: ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಆಫ್ ಸೀಸನ್ ಅಲ್ಲ, ಬಾಗಿಲು ಹಾಕಿರೋ ಕಾಲ. ಅದನ್ನು "ಸೀ ಕಂಡೀಶನ್ ನೋಡಿ" ಅಂತ ಅರ್ಧ ಬಾಗಿಲು ತೆರೆದು ಮಾರಬಾರದು. ಮತ್ತೆ ಈ ಬಾಗಿಲು ಹಾಕಿದೆ ಅನ್ನೋ ಬೋರ್ಡು ಮುರುಡೇಶ್ವರದ ಮರಳಿನ ಮೇಲಲ್ಲ, ಭಾಲ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಇರಬೇಕು.

ಗೊತ್ತಿಲ್ಲದವರಿಗೆ ಮೊದಲು ನೇತ್ರಾಣಿ ಬಗ್ಗೆ ನಾಲ್ಕು ಮಾತು. ಉತ್ತರ ಕನ್ನಡದ ಭಟ್ಕಳ ತಾಲೂಕಿನಲ್ಲಿ, ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಸಮುದ್ರದೊಳಗೆ ಇರೋ ಪುಟ್ಟ ದ್ವೀಪ. ಮೇಲಿಂದ ನೋಡಿದ್ರೆ ಹೃದಯದ ಆಕಾರ. ಪಾರಿವಾಳದ ದ್ವೀಪ ಅಂತಲೂ ಹೆಸರಿದೆ. ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟೋ ಜಾಗ. ಇಂಥ ಜಾಗವನ್ನು ನೌಕಾಪಡೆಯವರು ಬಹಳ ವರ್ಷ ಗುರಿ ಅಭ್ಯಾಸಕ್ಕೆ ಬಳಸಿದ್ರು ಅನ್ನೋದು ಇನ್ನೊಂದು ದಿನ ಬರೆಯಬೇಕಾದ ಕಥೆ. ಸುತ್ತ ಬಂಡೆ, ಬಂಡೆಗೆ ಅಂಟಿಕೊಂಡ ಹವಳ, ಅದರ ಸುತ್ತ ಬಣ್ಣಬಣ್ಣದ ಮೀನು. ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' 2022ರ ಅಕ್ಟೋಬರ್‌ನಲ್ಲಿ ಬಂದ ಮೇಲೆ ಸ್ಕೂಬಾ ಅಂದ್ರೆ ಏನು ಅಂತ ಗೊತ್ತಿಲ್ಲದ ನಮ್ಮೂರಿನ ಹುಡುಗರೂ ನೇತ್ರಾಣಿ ಹೆಸರು ಹೇಳೋಕೆ ಶುರು ಮಾಡಿದ್ರು. ಅಪ್ಪು ಇಳಿದ ನೀರು ಅಂದ್ರೆ ಸುಮ್ನೇನಾ?

ನಾನು ಅಲ್ಲಿ ಇಳಿದಿದ್ದೀನಿ, ಜನವರಿಯಲ್ಲಿ. ಮುರುಡೇಶ್ವರದಿಂದ ಬೆಳಿಗ್ಗೆ ದೋಣಿ. ಹಿಂದೆ ತಿರುಗಿದ್ರೆ 123 ಅಡಿಯ ಶಿವ, ಪಕ್ಕದಲ್ಲಿ 20 ಅಂತಸ್ತಿನ ಗೋಪುರ, ಎರಡೂ ನಿಧಾನಕ್ಕೆ ಬೆರಳಿನಷ್ಟಾಗಿ ಮಂಜಿನಲ್ಲಿ ಕರಗಿ ಹೋದವು. ಒಂದೂವರೆ ಗಂಟೆ ದೋಣಿ ಪಯಣದಲ್ಲಿ ಬೆಳಗಿನ ತಿಂಡಿ ವಾಪಸ್ ಬರದೇ ಇದ್ದಿದ್ದು ನನ್ನ ಮಟ್ಟಿಗೆ ದೊಡ್ಡ ಸಾಧನೆ :) ಅದೂ ಜನವರಿಯ ಸಮುದ್ರದಲ್ಲಿ. ಕೆರೆ ಥರ ಇತ್ತು ಅಂತ ದೋಣಿಯ ಹುಡುಗ ಹೇಳ್ತಿದ್ದ. ನಮ್ಮ ಕಡೆಯ ಕೆರೆ ಅವನು ನೋಡಿಲ್ಲ ಪಾಪ.

ಈಜು ಬರದವರನ್ನೂ ಇಳಿಸ್ತಾರೆ. ಸರ್ಟಿಫಿಕೇಟ್ ಇಲ್ಲದವರಿಗೆ 12 ಮೀಟರ್ ಮಿತಿ, ಪಕ್ಕದಲ್ಲೇ ಒಬ್ಬ ತರಬೇತುದಾರ ಇರ್ತಾನೆ, ನಿಮ್ಮ ಬೆನ್ನಿನ ಸಿಲಿಂಡರ್ ಹಿಡಿದುಕೊಂಡೇ. ನೀರಿನೊಳಗೆ ಮಾತಿಲ್ಲ, ಎಲ್ಲ ಕೈ ಸನ್ನೆ. ಹೆಬ್ಬೆರಳು ಮೇಲೆ ಮಾಡಿದ್ರೆ 'ಚೆನ್ನಾಗಿದೆ' ಅಂತ ಅಲ್ಲ, 'ಮೇಲೆ ಹೋಗೋಣ' ಅಂತ. ಫೇಸ್‌ಬುಕ್ಕಿನಲ್ಲಿ ಸಿಕ್ಕಿದ್ದಕ್ಕೆಲ್ಲ ಹೆಬ್ಬೆರಳು ಎತ್ತಿ ರೂಢಿಯಾದವರು ಹುಷಾರಾಗಿರಬೇಕು.

ಇಂಜಿನಿಯರಿಂಗ್ ಓದುವಾಗ ಬಾಯ್ಲ್ ನಿಯಮವನ್ನು ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದೆ. ಅದು ನಿಜ ಅಂತ ಗೊತ್ತಾಗಿದ್ದು ನೇತ್ರಾಣಿಯಲ್ಲಿ, ನನ್ನ ಕಿವಿಗೆ. ಪ್ರತಿ 10 ಮೀಟರ್ ಇಳಿದ ಹಾಗೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚಾಗುತ್ತೆ. ಮೇಲೆ ಒಂದಿದ್ದದ್ದು 10 ಮೀಟರಿನಲ್ಲಿ ಎರಡು. ಕಿವಿಯೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತೆ, ಪರದೆ ಒಳಕ್ಕೆ ಜಗ್ಗುತ್ತೆ. ಮೂಗು ಹಿಡಿದು ಮೆಲ್ಲಗೆ ಊದಿ ಸರಿ ಮಾಡಿಕೊಳ್ಳಬೇಕು, ಪ್ರತಿ ಒಂದೆರಡು ಮೀಟರಿಗೆ. ಉಸಿರಿನ ಲೆಕ್ಕವೂ ಹೀಗೇ. 11 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ತುಂಬಿದ್ರೆ 2200 ಲೀಟರ್ ಗಾಳಿ. ಮೇಲೆ ನಿಮಿಷಕ್ಕೆ 20 ಲೀಟರ್ ಎಳೆಯೋನು 10 ಮೀಟರ್ ಕೆಳಗೆ 40 ಲೀಟರ್ ಎಳೀತಾನೆ. ಲೆಕ್ಕದ ಪ್ರಕಾರ 55 ನಿಮಿಷ. ಕೊನೆಯಲ್ಲಿ ಉಳಿಸಿಕೊಂಡು ಮೇಲೆ ಬರಬೇಕಾದ ಗಾಳಿ ಕಳೆದ್ರೆ ಇನ್ನೂ ಕಮ್ಮಿ. ಹೆದರಿ ಏದುಸಿರು ಬಿಟ್ಟರೆ ಅದರಲ್ಲೂ ಅರ್ಧ. ಅಂದ್ರೆ ಸಮುದ್ರದ ಕೆಳಗೆ ಭಯಕ್ಕೆ ಲೀಟರ್ ಲೆಕ್ಕದಲ್ಲಿ ಬೆಲೆ ಇದೆ. ಮತ್ತೆ ಎಲ್ಲಕ್ಕಿಂತ ಮೊದಲ ಪಾಠ, ಮೇಲೆ ಬರುವಾಗ ಉಸಿರು ಹಿಡಿಯಬಾರದು. ಕೆಳಗೆ ಎಳೆದುಕೊಂಡ ಗಾಳಿ ಮೇಲೆ ಬರ್ತಾ ಹಿಗ್ಗುತ್ತೆ, ಶ್ವಾಸಕೋಶಕ್ಕೆ ಹಿಗ್ಗೋಕೆ ಅಷ್ಟು ಜಾಗ ಇಲ್ಲ.

ಆಮೇಲೆ ಬಣ್ಣ. ಕೆಂಪು ಮೊದಲು ಹೋಗುತ್ತೆ. ಕೆಲವೇ ಮೀಟರ್ ಕೆಳಗೆ ನನ್ನ ಕೈಯ ಕೆಂಪು ದಾರ ಕಂದು-ಕಪ್ಪಾಗಿ ಕಾಣಿಸ್ತು. ಆದ್ರೆ ಗಿಣಿಮೀನು ಬಂಡೆಯನ್ನು ಕಚ್ಚಿ ಹವಳ ಕೆರೆಯೋ ಕಟ ಕಟ ಸದ್ದು ಕಿವಿಗೇ ಬೀಳ್ತಿತ್ತು. ಚಿಟ್ಟೆಮೀನುಗಳು ಜೋಡಿಜೋಡಿಯಾಗಿ ಓಡಾಡ್ತಿದ್ವು. ಹದಿನೈದು-ಇಪ್ಪತ್ತು ಮೀಟರ್ ದೂರದ ಬಂಡೆ ಕಾಣ್ತಿತ್ತು. ಹೀಗೆ ಕಾಣೋದೇ ಸ್ಕೂಬಾ. ಕಾಣದಿದ್ರೆ ಅದು ದುಡ್ಡು ಕೊಟ್ಟು ಕತ್ತಲಲ್ಲಿ ಮುಳುಗೋದು ಅಷ್ಟೆ.

ಈಗ ಇದೇ ಜಾಗವನ್ನು ಜುಲೈನಲ್ಲಿ ಊಹಿಸಿಕೊಳ್ಳಿ.

ಟೀಮಿನಲ್ಲಿ ಒಬ್ಬ ಬುದ್ಧಿವಂತ ಕೇಳಿದ, "ಅಲೆ ಮೇಲಿರುತ್ತೆ, ನಾವು ಇರೋದು ಕೆಳಗೆ. ಕೆಳಗೆ ಶಾಂತ ಅಲ್ವಾ?" ಒಳ್ಳೇ ಪ್ರಶ್ನೆ, ತುಂಬಾ ಜನ ಹೀಗೇ ಅಂದುಕೊಂಡಿರ್ತಾರೆ. ಅಲೆ ಅಂದ್ರೆ ಮೇಲ್ಮೈ ಮಾತ್ರ ಕುಣಿಯೋದಲ್ಲ, ಕೆಳಗಿನ ನೀರೂ ವೃತ್ತಾಕಾರದಲ್ಲಿ ತಿರುಗುತ್ತಿರುತ್ತೆ. ಆ ಅಲುಗಾಟ ಸುಮಾರಾಗಿ ಅಲೆಯ ಉದ್ದದ ಅರ್ಧದಷ್ಟು ಆಳದವರೆಗೂ ಇರುತ್ತೆ. ಮಳೆಗಾಲದ ಅಲೆ ಸುಮಾರು 10 ಸೆಕೆಂಡಿಗೆ ಒಂದು ಅಂತ ಇಟ್ಟುಕೊಳ್ಳಿ. ಆಳದ ನೀರಿನಲ್ಲಿ ಅದರ ಉದ್ದ ಸುಮಾರು 156 ಮೀಟರ್. ಅರ್ಧ ಅಂದ್ರೆ 78 ಮೀಟರ್. ನಾವು ಇಳಿಯೋದು 12 ಮೀಟರ್! ಅಲೆಯ ಎತ್ತರ 3 ಮೀಟರ್ ಇದ್ರೆ, 10 ಮೀಟರ್ ಕೆಳಗೂ ನೀರು ನಿಮ್ಮನ್ನು ಹೆಚ್ಚುಕಡಿಮೆ 2 ಮೀಟರ್ ಆಚೆ, ಮತ್ತೆ 2 ಮೀಟರ್ ಈಚೆ ಎಳೆದಾಡುತ್ತೆ. ಪ್ರತಿ 10 ಸೆಕೆಂಡಿಗೆ. ಪಕ್ಕದಲ್ಲಿರೋದು ಹಂಸತೂಲಿಕಾ ತಲ್ಪ ಅಲ್ಲ, ಚಿಪ್ಪು ಅಂಟಿದ ಬಂಡೆ.

ಅಷ್ಟಾದ್ರೂ ಪರವಾಗಿಲ್ಲ ಅನ್ನಿ. ಎಲ್ಲಕ್ಕಿಂತ ಕಷ್ಟ ವಾಪಸ್ ದೋಣಿ ಹತ್ತೋದು. ಬೆನ್ನ ಮೇಲೆ ಹತ್ತು-ಹದಿನೈದು ಕಿಲೋ ಭಾರ, ಕಾಲಿಗೆ ರೆಕ್ಕೆ. ದೋಣಿಯ ಏಣಿ ಅಲೆಯ ಜೊತೆ ಆಳೆತ್ತರಕ್ಕೆ ಎದ್ದು ದಬಕ್ಕಂತ ಬೀಳ್ತಾ ಇರುತ್ತೆ. ಏಣಿ ತಲೆಗೆ ಬಡಿದ್ರೆ ಆಸ್ಪತ್ರೆ 19 ಕಿಲೋಮೀಟರ್ ದೂರದ ದಡದಲ್ಲಿ, ಅದೇ ಅಲೆಯನ್ನು ದಾಟಿ.

ಈ ಅಲೆಯ ಎತ್ತರ ಎಷ್ಟಿರುತ್ತೆ ಅಂತ ಹೇಳೋರು ಯಾರು ಗೊತ್ತಾ? ನಮ್ಮ ಹೈದರಾಬಾದಿನವರೇ! ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಇನ್‌ಕಾಯ್ಸ್ ಅಂತಾರೆ. 1999ರಲ್ಲಿ ಶುರುವಾದ ಸಂಸ್ಥೆ. ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಊರಲ್ಲಿ ಕೂತು ಕಾರವಾರದಿಂದ ಮಂಗಳೂರಿನವರೆಗೆ ಇವತ್ತು, ನಾಳೆ ಅಲೆ ಎಷ್ಟು ಮೀಟರ್ ಅಂತ ಹೇಳ್ತಾರೆ. ಮಳೆಗಾಲದಲ್ಲಿ ನಮ್ಮ ಕರಾವಳಿಗೆ 3 ಮೀಟರ್ ದಾಟಿದ ಅಲೆಯ ಎಚ್ಚರಿಕೆ ಅಪರೂಪವೇನಲ್ಲ. ಯಾರು ಬೇಕಾದ್ರೂ ನೋಡಬಹುದು, ದುಡ್ಡು ಕೊಡಬೇಕಾಗಿಲ್ಲ. ನನ್ನ ಏಜೆಂಟ್ ಮಹಾಶಯ ನೋಡಬೇಕಾಗಿದ್ದ "ಸೀ ಕಂಡೀಶನ್" ಅದೇ. ಆಗಸ್ಟ್‌ನಲ್ಲಿ ಅದು ಹೇಗಿರುತ್ತೆ ಅಂತ ತಿಳಿಯೋಕೆ ಆಗಸ್ಟ್ ತನಕ ಕಾಯಬೇಕಾಗಿಲ್ಲ.

ಇನ್ನು ನೀರಿನ ಬಣ್ಣದ ವಿಷಯ. ಶರಾವತಿ ಹೊನ್ನಾವರದಲ್ಲಿ ಸಮುದ್ರ ಸೇರ್ತಾಳೆ, ಮಲೆನಾಡಿನ ಕೆಂಪು ಮಣ್ಣೆಲ್ಲ ಹೊತ್ತುಕೊಂಡು. ಸಣ್ಣಪುಟ್ಟ ಹೊಳೆಗಳು ಲೆಕ್ಕವಿಲ್ಲ. ಬೀದರಿನಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 850 ಮಿಲಿಮೀಟರ್ ಮಳೆಯಾದ್ರೆ ಒಳ್ಳೇ ವರ್ಷ. ಭಟ್ಕಳದ ಕಡೆ ಅಷ್ಟು ಜೂನ್ ಒಂದೇ ತಿಂಗಳಲ್ಲಿ ಸುರಿದು ಹೋಗಬಹುದು. ಆದ್ರೆ ಮಣ್ಣು ಕಥೆಯ ಅರ್ಧ ಮಾತ್ರ. ಉಳಿದರ್ಧ ನನಗೂ ಹೊಸದು, ಓದಿ ಬಹಳ ಖುಷಿಯಾಯ್ತು.

ಮಳೆಗಾಲದ ಗಾಳಿ ಬೀಸುವಾಗ ಪಶ್ಚಿಮ ಕರಾವಳಿಯ ಮೇಲ್ಪದರದ ನೀರು ದಡದಿಂದ ದೂರಕ್ಕೆ ಸರಿಯುತ್ತೆ. ಆ ಜಾಗ ತುಂಬೋಕೆ ಆಳದ ತಣ್ಣನೆ ನೀರು ಮೇಲೆ ಬರುತ್ತೆ. ಕೇರಳದಲ್ಲಿ ಶುರುವಾಗಿ ಮೆಲ್ಲಗೆ ಉತ್ತರಕ್ಕೆ, ನಮ್ಮ ಕರಾವಳಿಯವರೆಗೂ. ಆ ನೀರಿನಲ್ಲಿ ಆಮ್ಲಜನಕ ಕಮ್ಮಿ, ಗೊಬ್ಬರ ಜಾಸ್ತಿ. ಗೊಬ್ಬರ ಅಂದೆ, ಯಾಕಂದ್ರೆ ನಿಜವಾಗ್ಲೂ ಗೊಬ್ಬರವೇ: ನೈಟ್ರೇಟ್, ಫಾಸ್ಫೇಟ್. ನಮ್ಮ ಹೊಲಕ್ಕೆ ಮೂಟೆ ಲೆಕ್ಕದಲ್ಲಿ ತಂದು ಹಾಕೋದನ್ನು ಸಮುದ್ರ ತನಗೆ ತಾನೇ ತಳದಿಂದ ಎತ್ತಿ ಹಾಕಿಕೊಳ್ಳುತ್ತೆ. ಅದರ ಮೇಲೆ ಬಿಸಿಲು ಬಿದ್ದರೆ ಸೂಕ್ಷ್ಮ ಸಸ್ಯಗಳು ಉಕ್ಕಿ ಬೆಳೆಯುತ್ತವೆ, ನೀರು ಹಸಿರು ಗಂಜಿಯಾಗುತ್ತೆ. ಬೂತಾಯಿ ಮೊಟ್ಟೆ ಇಡೋ ಕಾಲವೂ ಇದೇ. ಮರಿಗೆ ಊಟ ತಯಾರಿರುವಾಗಲೇ ಹೆರಿಗೆ. ನಮ್ಮ ಕಡೆ ಮೃಗಶಿರಾ ಮಳೆಗೆ ಹೆಸರು, ಉದ್ದು, ಸೋಯಾ ಬಿತ್ತೋ ಹಾಗೆಯೇ ಅಲ್ಲಿ ಸಮುದ್ರಕ್ಕೂ ಬಿತ್ತನೆಯ ಕಾಲ. ಬಿತ್ತಿದ ಹೊಲದಲ್ಲಿ ಯಾರಾದ್ರೂ ಕ್ರಿಕೆಟ್ ಆಡ್ತೀನಿ ಅಂದ್ರೆ ನಮ್ಮಪ್ಪ ಬಿಡ್ತಾರಾ?

ಕರಾವಳಿಯವರು ಬಿಡೋದೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಸಣ್ಣ ನಾಡದೋಣಿಗಳಿಗೆ ಮಾತ್ರ ವಿನಾಯಿತಿ, ಅದೂ 10 ಅಶ್ವಶಕ್ತಿಯೊಳಗಿನ ಎಂಜಿನ್ ಇದ್ರೆ. ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟ್ ಹೊತ್ತೊಯ್ಯೋ ಮಂಜಿಗಳು ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ದಡದಲ್ಲೇ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೂ ಮಳೆಗಾಲದಲ್ಲಿ ದೋಣಿ ಇಲ್ಲ. ಹುಟ್ಟಿದಾಗಿನಿಂದ ಸಮುದ್ರದ ಮೇಲೇ ಇರೋರು ದೋಣಿ ಎಳೆದು ದಡಕ್ಕೆ ಹಾಕಿ ಬಲೆ ಹೆಣೆಯುತ್ತಾ ಕೂತಿರುವಾಗ, ವರ್ಷಕ್ಕೊಮ್ಮೆ ಸಮುದ್ರ ನೋಡೋ ನಾವು "ಡಿಸ್ಕೌಂಟ್ ಇದೆ, ಇಳಿಯೋಣ" ಅಂತೀವಲ್ಲ! ನೂಲ ಹುಣ್ಣಿಮೆಗೆ ಅವರು ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಪೂಜೆ ಮಾಡ್ತಾರೆ. ನಮ್ಮ ಗಡಿಯಾಚೆ ಮರಾಠಿಯವರು ನಾರಳಿ ಪೌರ್ಣಿಮಾ ಅನ್ನೋದೂ ಅದನ್ನೇ. ಚಿಕ್ಕವನಿದ್ದಾಗ ಆ ಹಬ್ಬ ಅಂದ್ರೆ ನನಗೆ ತೆಂಗಿನಕಾಯಿ ಹಾಕಿದ ಸಿಹಿ ಅನ್ನ ಅಷ್ಟೇ ಗೊತ್ತಿತ್ತು. ಕಾಯಿ ಯಾಕೆ, ಎಲ್ಲಿಗೆ ಅಂತ ಯಾರೂ ಹೇಳಿರಲಿಲ್ಲ. ನಮ್ಮೂರಲ್ಲಿ ಹಬ್ಬ ಇದೆ, ಸಮುದ್ರ ಇಲ್ಲ.

ಇದೇ ನೋಡಿ ನನ್ನನ್ನು ಕಾಡ್ತಿರೋದು. ಕರಾವಳಿಯವರಿಗೆ ಇದನ್ನೆಲ್ಲ ಯಾರೂ ಬರೆದು ತಿಳಿಸಬೇಕಾಗಿಲ್ಲ. ತಿಳಿಸಬೇಕಾಗಿರೋದು ನಮಗೆ, ಬೀದರ್, ಕಲಬುರಗಿ, ಕೋಲಾರ, ಚಿತ್ರದುರ್ಗದವರಿಗೆ. ನೀರಿನ ಬಗ್ಗೆ ನಮಗೆ ಗೊತ್ತಿಲ್ಲ ಅಂತಲ್ಲ. ಬೇರೆ ನೀರು ಗೊತ್ತು. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಇದೆ. ಭೂಮಿಯೊಳಗೆ ಕೆಂಪುಕಲ್ಲು ಕೊರೆದು, ಎರಡು ಕಿಲೋಮೀಟರಿಗೂ ಉದ್ದ ಸುರಂಗ ಮಾಡಿ, ಇಳಿಜಾರಿನಲ್ಲೇ ನೀರು ಹರಿಯೋ ಹಾಗೆ ಮಾಡಿದ್ದು. ಹನಿ ನೀರನ್ನು ಹುಡುಕಿ, ಹಿಡಿದು, ಕಾಪಾಡೋದು ನಮ್ಮ ವಿದ್ಯೆ. ನಮ್ಮ ಮನಸ್ಸಿನಲ್ಲಿ ನೀರು ಅಂದ್ರೆ ಸಿಕ್ಕಿದಾಗ ಬಿಡಬಾರದ ವಸ್ತು. ಆ ಮನಸ್ಸು ಇಟ್ಟುಕೊಂಡೇ ಸಮುದ್ರದ ಮುಂದೆ ನಿಂತಾಗ ಕಷ್ಟ. ಅಷ್ಟು ದೂರದಿಂದ ಬಂದಿದ್ದೀವಿ, ಮತ್ತೆ ಯಾವಾಗಲೋ, ಕಾಲಾದ್ರೂ ನೆನೆಸೋಣ... ಹೀಗೆ ಶುರುವಾಗೋದು.

2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕಿನ ಒಂದು ವಸತಿ ಶಾಲೆಯಿಂದ ಪ್ರವಾಸಕ್ಕೆ ಬಂದ ಮಕ್ಕಳಲ್ಲಿ ನಾಲ್ವರು ಹುಡುಗಿಯರು ಇದೇ ಮುರುಡೇಶ್ವರದ ದಡದಲ್ಲಿ ಮುಳುಗಿ ಹೋದ್ರು. ಡಿಸೆಂಬರ್, ಮಳೆಗಾಲವೂ ಅಲ್ಲ. ಪೇಪರಿನಲ್ಲಿ ಅದನ್ನು ಓದಿದ ದಿನ ನನಗೆ ನಮ್ಮೂರ ಶಾಲೆಯ ಪ್ರವಾಸದ ಬಸ್ಸೇ ಕಣ್ಣ ಮುಂದೆ ಬಂತು. ಕಿಟಕಿಯಿಂದ ಮೊದಲು ಸಮುದ್ರ ಕಂಡಾಗ ಇಡೀ ಬಸ್ಸು ಕೂಗೋದು, ಮಾಸ್ತರರೂ ಸೇರಿ. ಆ ಮಕ್ಕಳೂ ಹಾಗೇ ಕೂಗಿರ್ತಾರೆ. ಆಮೇಲೆ ಕೆಲವು ದಿನ ಕಡಲತೀರ ಮುಚ್ಚಿದ್ರು. ಆದ್ರೆ ನನಗನ್ನಿಸೋದು, ಸಮುದ್ರದ ಪಾಠ ದಡದಲ್ಲಿ ಶುರುವಾದ್ರೆ ತಡವಾಯ್ತು. ಬಸ್ಸು ಹೊರಡೋ ಮೊದಲೇ, ಶಾಲೆಯ ಅಂಗಳದಲ್ಲೇ ಆಗಬೇಕು. ಶಾಂತವಾಗಿ ಕಾಣೋ ಜಾಗದಲ್ಲೇ ನೀರು ಒಳಕ್ಕೆ ಎಳೆಯುತ್ತಿರಬಹುದು. ಎಳೆದ್ರೆ ಎದುರಿಗೆ ಈಜಬಾರದು, ದಡಕ್ಕೆ ಸಮಾನಾಂತರವಾಗಿ ಈಜಿ ಆ ಸೆಳೆತದಿಂದ ಹೊರಗೆ ಬರಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಇಳಿಯೋ ಮಾತೇ ಇಲ್ಲ. ಹತ್ತು ನಿಮಿಷದ ಪಾಠ. ಬಸ್ ಸ್ಟ್ಯಾಂಡಿನಲ್ಲಿ ಟೂರ್ ಪ್ಯಾಕೇಜಿನ ಪೋಸ್ಟರು ಅಂಟಿಸೋಕೆ ಜಾಗ ಇರುತ್ತೆ, ಇದಕ್ಕೂ ಒಂದು ಮೊಳ ಜಾಗ ಸಿಗಲ್ವಾ?

ನಮ್ಮಜ್ಜಿ ಸಮುದ್ರ ನೋಡದೇ ಹೋದಾಕಿ. ಆದ್ರೆ ಈ ವಿಷಯದಲ್ಲಿ ಏಜೆಂಟನಿಗಿಂತ ಚೆನ್ನಾಗಿ ತಿಳಿದಿದ್ಲು. ಬೇಸಿಗೆಯಲ್ಲಿ ಹೊಲದ ಬಾವಿಯಲ್ಲಿ ಈಜೋಕೆ ಏನೂ ಅಭ್ಯಂತರ ಇರಲಿಲ್ಲ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಅಣ್ಣಂದಿರು ಮೇಲಿಂದ ತಳ್ಳುತ್ತಿದ್ರು. ಮಳೆ ಬಿದ್ದು ಬಾವಿ ನೀರು ರಾಡಿಯಾದ್ರೆ ಮಾತ್ರ ಕಟ್ಟುನಿಟ್ಟು. "ತಳ ಕಾಣ್ಸಲ್ಲ ಅಂದ್ರ ಇಳೀಬ್ಯಾಡ. ಬಾವಿ ಎಲ್ಲಿ ಓಡಿ ಹೋಗ್ತದ? ಬ್ಯಾಸಿಗ್ಯಾಗ ಇಲ್ಲೇ ಇರ್ತದ" ಅಂತಿದ್ಲು. ಅಲೆಯ ಉದ್ದದ ಸೂತ್ರ ಇಲ್ಲದೇನೇ!

ಈಗ ಎದುರು ವಾದ. ಸ್ಕೂಬಾ ನಂಬಿಕೊಂಡ ದೋಣಿಯ ಹುಡುಗರು ನಾಲ್ಕು ತಿಂಗಳು ಏನು ತಿನ್ನಬೇಕು? ಇದು ಗಟ್ಟಿ ಪ್ರಶ್ನೆ, ತಳ್ಳಿಹಾಕೋಕಾಗಲ್ಲ. ಮೀನುಗಾರರಿಗಾದ್ರೆ ಉಳಿತಾಯ-ಪರಿಹಾರ ಯೋಜನೆ ಅಂತ ಇದೆ. ಮೀನುಗಾರ 1500 ರೂಪಾಯಿ ಕಟ್ಟಿದ್ರೆ ಸರ್ಕಾರಗಳ ಪಾಲು ಸೇರಿ 4500 ರೂಪಾಯಿ, ಮೀನು ಹಿಡಿಯದ ತಿಂಗಳುಗಳಲ್ಲಿ. ಅದೂ ಎಷ್ಟು ದಿನಕ್ಕೆ ಸಾಕಾಗುತ್ತೆ ಅನ್ನೋದು ಬೇರೆ ಮಾತು. ಆದ್ರೆ ಆ ಯೋಜನೆ ಮೀನು ಹಿಡಿಯೋರಿಗೆ, ಪ್ರವಾಸಿಗರನ್ನು ಕರೆದೊಯ್ಯೋರಿಗಲ್ಲ. ನೇತ್ರಾಣಿಯಲ್ಲಿ ನನ್ನ ಸಿಲಿಂಡರ್ ಹಿಡಿದುಕೊಂಡಿದ್ದ ಹುಡುಗನೂ ಮೀನುಗಾರರ ಮನೆಯವನೇ. ಮಳೆಗಾಲದಲ್ಲಿ ಏನು ಮಾಡ್ತೀಯಾ ಅಂತ ಕೇಳಿದ್ದಕ್ಕೆ "ಗೋವಾದಲ್ಲಿ ಹೋಟೆಲ್ ಕೆಲಸ, ಇಲ್ಲಾಂದ್ರೆ ಮನೇಲೇ" ಅಂದಿದ್ದ. ಅವನನ್ನು ನೆನೆಸಿಕೊಂಡ್ರೆ ನನಗನ್ನಿಸೋದು, ಪರಿಹಾರ ಜುಲೈನಲ್ಲಿ ದೋಣಿ ಬಿಡೋದಲ್ಲ. ಅಕ್ಟೋಬರ್‌ನಿಂದ ಮೇವರೆಗೆ ನಾವು ಕೊಡೋ ಟಿಕೆಟ್ಟಿನಲ್ಲಿ ಆ ನಾಲ್ಕು ತಿಂಗಳ ಸಂಬಳದ ಪಾಲೂ ಸೇರಿರಲಿ. ನೂರೋ ಇನ್ನೂರೋ ಜಾಸ್ತಿ ಆಗುತ್ತಾ? ಆಗಲಿ ಬಿಡ್ರಿ. ಕಾಫಿ ಡೇಯಲ್ಲಿ ಒಂದು ಕಾಫಿಗೆ ಅಷ್ಟು ಕೊಡ್ತೀವಿ. ಡಿಸ್ಕೌಂಟ್ ಕೊಟ್ಟು ಅವನನ್ನೇ ಕೆಟ್ಟ ಸಮುದ್ರಕ್ಕೆ ನೂಕೋದಕ್ಕಿಂತ ಇದು ಮೇಲು. ಯಾಕಂದ್ರೆ ನಾವು ಒಂದು ಸಲ ಇಳಿದು ಬರ್ತೀವಿ, ಅವನು ದಿನಕ್ಕೆ ನಾಲ್ಕು ಸಲ ಇಳೀಬೇಕು. ಗಿರಾಕಿ ಬಂದು ನಿಂತ ಮೇಲೆ "ಇವತ್ತು ಬೇಡ ಸರ್" ಅನ್ನೋ ಧೈರ್ಯ ದಿನಗೂಲಿ ಹುಡುಗನಿಂದ ನಿರೀಕ್ಷೆ ಮಾಡೋದು ನ್ಯಾಯವೂ ಅಲ್ಲ. ಬಾಗಿಲು ಪೂರ್ತಿ ಹಾಕಿದ್ರೆ ಅವನು ಆ ಮಾತು ಹೇಳಬೇಕಾದ ಪ್ರಸಂಗವೇ ಬರಲ್ಲ.

ಮಳೆಗಾಲದಲ್ಲೇ ಡೈವ್ ಮಾಡಬೇಕು ಅನ್ನೋರಿಗೆ ಪ್ರಪಂಚ ದೊಡ್ಡದು. ನಮಗೆ ಮಳೆ ಇರುವಾಗ ಬಾಲಿಯಲ್ಲಿ ಒಣ ಹವೆ. ತಮಿಳುನಾಡಿನ ದೊಡ್ಡ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್, ಅವರ ಲೆಕ್ಕ ಬೇರೆ. ಮಾಲ್ಡೀವ್ಸ್‌ದಂತೂ ತಮಾಷೆ. ನೇತ್ರಾಣಿಯ ಬಾಗಿಲು ಹಾಕಿಸೋ ಇದೇ ನೈಋತ್ಯ ಮುಂಗಾರು ಅಲ್ಲಿನ ಹನಿಫಾರು ಕೊಲ್ಲಿಗೆ ಸೂಕ್ಷ್ಮಜೀವಿಗಳನ್ನು ರಾಶಿ ರಾಶಿ ತಂದು ತುಂಬುತ್ತೆ, ಅದನ್ನು ತಿನ್ನೋಕೆ ಮಾಂಟಾ ರೇಗಳು ಗುಂಪುಗುಂಪಾಗಿ ಬರ್ತವೆ. ಅದನ್ನು ನೋಡೋಕೆ ಜಗತ್ತಿನ ಜನ ಬರ್ತಾರೆ. ಆದ್ರೆ ಅಲ್ಲಿ ಸಿಲಿಂಡರ್ ಕಟ್ಟಿಕೊಂಡು ಇಳಿಯೋದನ್ನು ನಿಲ್ಲಿಸಿದ್ದಾರೆ, ಮೇಲೆ ತೇಲುತ್ತಾ ನೋಡಬಹುದು ಅಷ್ಟೆ. ಮೀನಿನ ಊಟಕ್ಕೆ ತೊಂದರೆ ಆಗಬಾರದು ಅಂತ. ದುಡ್ಡು ಬರೋ ಸೀಸನ್ನಿನಲ್ಲೇ ಹೀಗೆ ಕೈ ಬಿಗಿ ಮಾಡಿದ್ದಾರೆ ನೋಡಿ, ಪ್ರವಾಸೋದ್ಯಮವನ್ನೇ ನಂಬಿದ ದೇಶ ಅದು.

ಮುರುಡೇಶ್ವರಕ್ಕೆ ಮಳೆಗಾಲದಲ್ಲಿ ಹೋಗಲೇಬೇಡಿ ಅಂತ ನಾನು ಹೇಳ್ತಿಲ್ಲ. ಹೋಗಿ. ಗೋಪುರದ ಲಿಫ್ಟಿನಲ್ಲಿ ಮೇಲೆ ಹತ್ತಿ ಕಿಟಕಿಯಿಂದ ಆ ಬೂದು ಬಣ್ಣದ ಸಮುದ್ರ ನೋಡಿ. ಜೋಗಕ್ಕೆ ಹೋಗಿ, ಅದು ಮಳೆಗಾಲದ್ದೇ. ಪತ್ರೊಡೆ ತಿನ್ನಿ, ಹಲಸಿನ ಹಪ್ಪಳ ತಿನ್ನಿ. ಇಲ್ಲಾಂದ್ರೆ ನಮ್ಮ ಬೀದರಿಗೆ ಬನ್ನಿ. ಆಗಸ್ಟ್‌ನಲ್ಲಿ ಕೋಟೆಯ ಕೆಂಪುಕಲ್ಲಿನ ಮೇಲೆ ಹಸಿರು ಹಬ್ಬಿರುತ್ತೆ, ವರ್ಷವೆಲ್ಲ ಒಣಗಿರೋ ನೆಲ ಆಗ ನೋಡೋ ಹಾಗಿರುತ್ತೆ. ನಮ್ಮ ಟೀಮನ್ನು ಕೊನೆಗೆ ನಾನು ಕರೆದುಕೊಂಡು ಹೋಗಿದ್ದು ಅಲ್ಲಿಗೇ. ಏಳು ಜನದಲ್ಲಿ ಐದು ಜನ ಬಂದ್ರು. ಇಬ್ಬರು ಸಿಟ್ಟು ಮಾಡಿಕೊಂಡು ಮನೆಯಲ್ಲಿ ಮಲಗಿದ್ರು.

ನೇತ್ರಾಣಿಗೆ ಜನವರಿಗೆ ನೋಡೋಣ ಅಂತ ಆಗಿದೆ. ಸಂಕ್ರಾಂತಿ ಆದ ಮೇಲಿನ ವಾರ. ಈ ಸಲ ಬುಕ್ ಮಾಡುವಾಗ ಏಜೆಂಟನಿಗೆ ಮೊದಲ ಪ್ರಶ್ನೆ ರೇಟ್ ಎಷ್ಟು ಅಂತ ಅಲ್ಲ, "ಆಗಸ್ಟ್‌ನಲ್ಲಿ ಡೈವಿಂಗ್ ಮಾಡಿಸ್ತೀರಾ?" ಅಂತ ಕೇಳೋದು ಅಂತ ತೀರ್ಮಾನ ಮಾಡಿದ್ದೀನಿ. ಹೂಂ ಅಂದವರ ಹತ್ತಿರ ಜನವರಿಗೂ ಬುಕ್ ಮಾಡಲ್ಲ.

ಹೊನ್ನಾವರ, ಕುಮಟಾ, ಭಟ್ಕಳದ ಕಡೆಯ ಬ್ಲಾಗಿಗರು ಯಾರಾದ್ರೂ ಓದ್ತಾ ಇದ್ರೆ ಒಂದು ಸಹಾಯ ಮಾಡಿ. ಬಯಲುಸೀಮೆ ಶಾಲೆಯ ಮಕ್ಕಳಿಗೆ ಸಮುದ್ರದ ಬಗ್ಗೆ ಹತ್ತು ನಿಮಿಷದಲ್ಲಿ ಏನೇನು ಹೇಳಬೇಕು ಅಂತ ನಿಮ್ಮ ಅನುಭವದಿಂದ ಪಟ್ಟಿ ಮಾಡಿ ಕಮೆಂಟಿನಲ್ಲಿ ಹಾಕಿ. ಡಿಸೆಂಬರ್ ಪ್ರವಾಸ ಹೊರಡೋ ಮೊದಲು ನಮ್ಮೂರ ಹೈಸ್ಕೂಲಿನಲ್ಲಿ ಓದಿಸೋ ಜವಾಬ್ದಾರಿ ನಂದು. ಹೆಡ್‌ಮಾಸ್ತರರ ಜೊತೆ ಆಗಲೇ ಮಾತಾಡಿದ್ದೀನಿ, ಪ್ರಾರ್ಥನೆ ಆದ ಮೇಲೆ ಸಮಯ ಕೊಡ್ತೀನಿ ಅಂದಿದ್ದಾರೆ.